ಎಲ್ಲವೂ ಗುಬ್ಬಿಯಲ್ಲ!

ಚಳ್ಳಕೆರೆಯ ನಮ್ಮ ಮನೆಯ ಹಿತ್ತಲಲ್ಲಿ ಬೇಲಿಗೆ ಒತ್ತಿಕೊಂಡು ಒಂದು ಜಾಲಿ ಗಿಡವಿದೆ. ಅದರ ಮುಳ್ಳು ದಾರಿಗೆ ಚಾಚಿದೆ ಎಂದು ಪಕ್ಕದ ಮನೆಯವರು ಹೇಳುತ್ತಲೇ ಇದ್ದರು. ದಸರಾ ಮುಗಿದ ಕೂಡಲೇ ಕಡಿಸುವುದೆಂದು ಆಳಿಗೂ ಹೇಳಿಟ್ಟಿದ್ದೆ.

ಅಷ್ಟರಲ್ಲಿ ಮೊಳಕಾಲ್ಮುರಿನಿಂದ ಮೊಮ್ಮಗಳು ಪುಟ್ಟಿ ರಜೆಗೆ ಬಂದಳು. ನಾನು ದಿನಾ ಬೆಳಿಗ್ಗೆ ಮಣ್ಣಿನ ತಟ್ಟೆಯಲ್ಲಿ ಒಂದು ಹಿಡಿ ನವಣೆ ಇಟ್ಟು, ಸೂರಿಗೆ ಎರಡು ತೆನೆ ಕಟ್ಟುತ್ತೇನೆ.

“ತಾತ, ಇಲ್ಲಿಗೆ ಎಷ್ಟು ಥರದ ಹಕ್ಕಿ ಬರ್ತಾವೆ?” ಎಂದಳು.

“ಎಲ್ಲಾ ಗುಬ್ಬಿಗಳೇ ಕಣವ್ವ” ಎಂದೆ. ಚಿಕ್ಕಂದಿನಲ್ಲಿ ನವಣೆ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸಿದವನು ನಾನು. ಓಡಿಸುವ ಹಕ್ಕಿಯ ಹೆಸರು ಯಾರು ಕೇಳುತ್ತಾರೆ?

ಪುಟ್ಟಿ ನೋಟ್‌ಬುಕ್ ಹಿಡಿದು ಕಿಟಕಿಯ ಹಿಂದೆ ಕೂತಳು. ಮೂರು ದಿನದಲ್ಲಿ ನನಗೇ ಪಾಠ ಹೇಳಿದಳು.

ಗಂಡು ಗುಬ್ಬಚ್ಚಿಗೆ ಬೂದು ನೆತ್ತಿ, ಗಂಟಲಲ್ಲಿ ಕಪ್ಪು. ಹೆಣ್ಣಿಗೆ ಕಪ್ಪಿಲ್ಲ, ಕಣ್ಣಿನ ಹಿಂದೆ ಮಾಸಲು ಹುಬ್ಬು, ಬೆನ್ನ ಮೇಲೆ ಗೆರೆಗಳು. ಗೀಜಗನ ಹೆಣ್ಣೂ ಹೀಗೇ ಕಾಣುತ್ತದೆ, ಆದರೆ ಕೊಕ್ಕು ದಪ್ಪ, ಬಾಲ ಮೋಟು. ಚುಕ್ಕೆ ರಾಟವಾಳ ಗುಬ್ಬಚ್ಚಿಗಿಂತ ಚಿಕ್ಕದು. ತಲೆ ಕಡುಗಂದು, ಬಿಳಿ ಎದೆಯ ಮೇಲೆ ಮೀನಿನ ಹುರುಪೆಯಂಥ ಗುರುತು.

ಕೊನೆಗೆ ಉಳಿದದ್ದು ಚುಕ್ಕೆಯೇ ಇಲ್ಲದ ಸಪ್ಪೆ ಬಣ್ಣದ ಹಕ್ಕಿ. “ಅವು ಚುಕ್ಕೆ ರಾಟವಾಳದ ಮರಿಗಳು, ಬೆಳೆದ ಮೇಲೆ ಚುಕ್ಕೆ ಬರುತ್ತೆ” ಎಂದೆ. ಆ ಮರಿಗಳಿಗೆ ಚುಕ್ಕೆ ಇರುವುದಿಲ್ಲ ಎಂಬುದೇನೋ ನಿಜ.

“ಮರಿಯಾದ್ರೆ ಹುಲ್ಲು ಯಾಕೆ ಕಚ್ಕೊಂಡು ಹೋಗ್ತಾವೆ ತಾತ?”

ನನ್ನ ಬಾಯಿ ಕಟ್ಟಿತು. ಕನ್ನಡಕ ಹಾಕಿಕೊಂಡು ನೋಡಿದೆ. ಬೆಳ್ಳಿಯಂಥ ಬೂದು ಕೊಕ್ಕು, ಬಿಳಿ ಹೊಟ್ಟೆ, ಚೂಪಾದ ಉದ್ದ ಕಪ್ಪು ಬಾಲ, ಹಾರುವಾಗ ಬಾಲದ ಬುಡದಲ್ಲಿ ಬಿಳುಪು. ಇದು ಬೇರೆಯೇ ಹಕ್ಕಿ, ಬಿಳಿ ಗಂಟಲಿನ ರಾಟವಾಳ! ನಮ್ಮ ಒಣ ಸೀಮೆಯ ಹುಲ್ಲುಗಾವಲು, ಕುರುಚಲು ಪೊದೆಗಳೇ ಅದರ ತವರು. ಹುಲ್ಲಿನ ಎಳೆ ಹಿಡಿದು ಅದು ನುಗ್ಗಿದ್ದು ನಾನು ಕಡಿಸಬೇಕೆಂದಿದ್ದ ಜಾಲಿಯೊಳಕ್ಕೆ. ಮುಳ್ಳಿನ ನಡುವೆ ಹುಲ್ಲಿನ ಉಂಡೆಯಂಥ ಗೂಡು ಏಳುತ್ತಿತ್ತು.

ಪುಟ್ಟಿಗೆ ಅಂದು ಸಲೀಂ ಅಲಿಯವರ ಕಥೆ ಹೇಳಿದೆ. 1896ರಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದರು. ಗಂಟಲಲ್ಲಿ ಹಳದಿ ಮಚ್ಚೆ ಕಂಡು, ಇದು ಯಾವ ಗುಬ್ಬಿ ಎಂದು ಕೇಳಲು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಅಲ್ಲಿ ಮಿಲಾರ್ಡ್ ಎಂಬುವರು ಅದನ್ನು ಗುರುತಿಸಿ, ಹಕ್ಕಿಗಳ ದೊಡ್ಡ ಸಂಗ್ರಹವನ್ನೇ ತೋರಿಸಿದರು. ಆ ಒಂದು ಪ್ರಶ್ನೆಯೇ ಅವರನ್ನು ದೇಶದ ಹೆಸರಾಂತ ಪಕ್ಷಿತಜ್ಞರನ್ನಾಗಿ ಮಾಡಿತು.

ಆಳಿಗೆ ಬರಬೇಡವೆಂದೆ. ಪಕ್ಕದ ಮನೆಯವರನ್ನು ಕರೆದು ಗೂಡು ತೋರಿಸಿದೆ. “ಮರಿ ಹಾರಲಿ ಬಿಡಿ” ಎಂದರು. ಊರಿಗೆ ಹೋದ ಪುಟ್ಟಿ ದಿನಾ ಸಂಜೆ ಫೋನು ಮಾಡಿ ಮೊದಲು ಗೂಡನ್ನು, ಆಮೇಲೆ ನನ್ನನ್ನು ವಿಚಾರಿಸುತ್ತಿದ್ದಳು! ಕಾರ್ತಿಕ ಮುಗಿಯುವ ಹೊತ್ತಿಗೆ ಮೋಟು ಬಾಲದ ನಾಲ್ಕು ಮರಿ ತಟ್ಟೆಗೆ ಬಂದವು. ಆಮೇಲೆ ದಾರಿಗೆ ಚಾಚಿದ್ದ ಕೊಂಬೆಗಳನ್ನಷ್ಟೇ ಸವರಿಸಿದೆ. ಗಿಡ ಉಳಿಯಿತು.

ಮಕ್ಕಳೇ, ನೀವೂ ಬೆಕ್ಕಿಗೆ ಎಟುಕದ ಕಡೆ ಒಂದು ಹಿಡಿ ನವಣೆ, ಒಂದು ಬಟ್ಟಲು ನೀರು ಇಡಿ. ನೀರನ್ನು ದಿನಾ ಬದಲಿಸಿ. ರಾಟವಾಳವನ್ನು ಹಿಡಿದು ಪಂಜರದಲ್ಲಿಡುವುದು ಕಾನೂನಿನ ಪ್ರಕಾರ ತಪ್ಪು, ದೂರದಿಂದಲೇ ನೋಡಿ. ಮೊದಲು ಕೊಕ್ಕು, ಆಮೇಲೆ ಎದೆ, ಬೆನ್ನು, ಬಾಲ. ಪಕ್ಕದಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿಕೊಳ್ಳಿ. ಕಲಿಯುವುದು ನಮಗೂ ಇನ್ನೂ ಬಾಕಿ ಇದೆ.