ಏಳು ಬಿಲ್ಲೆ, ಮೂವತ್ತೆರಡು ಲಕ್ಷ ದಾರಿ

ಒಂದು ಪ್ರಶ್ನೆ ಕೇಳುತ್ತೇನೆ. ಕೆಳಗಿನ ಸಾಲಿಗೆ ಕಣ್ಣು ಹಾಯಿಸಬೇಡಿ, ಮೊದಲು ಊಹಿಸಿ!

2015ರ ಜುಲೈ. ಬೆಲ್ಜಿಯಂನ ಲೂವಾಂ-ಲಾ-ನೂವ್ ಊರು. ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಆಟ ಸ್ಕ್ರ್ಯಾಬಲ್; ಅದರ ಫ್ರೆಂಚ್ ವಿಶ್ವ ಚಾಂಪಿಯನ್‌ಷಿಪ್ ಫೈನಲ್. ಒಂದು ಕಡೆ ಗೆಬಾನ್ ದೇಶದ ಆಟಗಾರ. ಅಲ್ಲಿ ಫ್ರೆಂಚೇ ಆಡಳಿತ ಭಾಷೆ. ಇನ್ನೊಂದು ಕಡೆ ನೈಜೆಲ್ ರಿಚರ್ಡ್ಸ್. ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ, ನೆಲೆಸಿದ್ದು ಮಲೇಷ್ಯಾದಲ್ಲಿ. ಉದ್ದನೆಯ ಗಡ್ಡ, ಮಾತು ಬಹಳ ಕಡಿಮೆ.

ರಿಚರ್ಡ್ಸ್ ಗೆದ್ದರು. ಸಭಿಕರಿಗೆ ಧನ್ಯವಾದ ಹೇಳಲು ಅವರಿಗೆ ದುಭಾಷಿ ಬೇಕಾಯಿತು. ಯಾಕೆ ಹೇಳಿ?

ಅವರಿಗೆ ಫ್ರೆಂಚ್ ಬರುತ್ತಿರಲಿಲ್ಲ!

ಹೌದು, ಸರಿಯಾಗಿಯೇ ಓದಿದಿರಿ. ಆ ಭಾಷೆಯಲ್ಲಿ ನಾಲ್ಕು ಮಾತು ಆಡಲಾರದವರು ಆ ಭಾಷೆಯ ಪದಗಳ ಆಟದಲ್ಲಿ ಜಗತ್ತನ್ನೇ ಗೆದ್ದರು! ಫ್ರೆಂಚ್ ಆಟದ ಅಧಿಕೃತ ಪಟ್ಟಿಯಲ್ಲಿ ಆಗ ಸುಮಾರು 3,86,000 ಪದಗಳಿದ್ದವು. ರಿಚರ್ಡ್ಸ್ ತಯಾರಿಗೆ ಎಷ್ಟು ಕಾಲ ತೆಗೆದುಕೊಂಡರು? ಐದು ವರ್ಷ? ಎರಡು? ಇನ್ನೂ ಇಳಿಯಿರಿ. ಇನ್ನೂ.

ಒಂಬತ್ತು ವಾರ!

ಇದು ಹೇಗೆ ಸಾಧ್ಯ? ಅದನ್ನು ತಿಳಿಯಬೇಕಾದರೆ ನೀವೂ ಒಮ್ಮೆ ಆಡಿ ನೋಡಬೇಕು. ನಿಮ್ಮ ಮುಂದೆ ಏಳು ಬಿಲ್ಲೆಗಳಿವೆ. ಇಂಗ್ಲಿಷಿನ ಸಿ, ಡಿ, ಎಚ್, ಎಲ್, ಆರ್, ಎನ್. ಏಳನೆಯದು ಖಾಲಿ ಬಿಲ್ಲೆ. ಅದನ್ನು ಯಾವ ಅಕ್ಷರ ಬೇಕಾದರೂ ಮಾಡಿಕೊಳ್ಳಬಹುದು. ಬೋರ್ಡಿನ ಮೇಲೆ ಒಂದು ಇ ನಿಮಗಾಗಿ ಕಾದಿದೆ. ಏನು ಕಟ್ಟುತ್ತೀರಿ?

ಖಾಲಿ ಬಿಲ್ಲೆಯನ್ನು ಐ ಮಾಡಿದರೆ ‘ಚಿಲ್ಡ್ರನ್’! ಹೊಳೆಯಿತೇ? ಭೇಷ್! ಏಳೂ ಬಿಲ್ಲೆ ಒಂದೇ ಸಲಕ್ಕೆ ಇಳಿದರೆ 50 ಅಂಕ ಹೆಚ್ಚುವರಿ. ಯಾರಾದರೂ ಖುಷಿಯಿಂದ ಅಲ್ಲಿಗೇ ನಿಲ್ಲುತ್ತಾರೆ.

ಇದೇ ಏಳು ಬಿಲ್ಲೆ ಕೈಯಲ್ಲಿದ್ದಾಗ ರಿಚರ್ಡ್ಸ್ ಅಲ್ಲಿಗೆ ನಿಲ್ಲಲಿಲ್ಲ. ಬೋರ್ಡಿನ ಒಂದೇ ಸಾಲಿನಲ್ಲಿ ಒಂದು ಓ, ಸ್ವಲ್ಪ ಆಚೆ ಇನ್ನೊಂದು ಓ, ಅದರಾಚೆ ಒಂದು ಇ ಬಿಡಿಬಿಡಿಯಾಗಿ ಬಿದ್ದಿದ್ದವು. ಅವರು ಖಾಲಿ ಬಿಲ್ಲೆಯನ್ನು ವೈ ಮಾಡಿ, ಆ ಮೂರರ ನಡುವೆ ತಮ್ಮ ಏಳನ್ನೂ ಪೋಣಿಸಿಬಿಟ್ಟರು. ಹತ್ತು ಅಕ್ಷರದ ಪದ: ಕ್ಲೋರೊಡೈನ್!

ಯಾವುದದು ಎನ್ನುತ್ತೀರಾ? ಹತ್ತೊಂಬತ್ತನೇ ಶತಮಾನದ ಒಂದು ಔಷಧ. ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ವೈದ್ಯ ಜಾನ್ ಕಾಲಿಸ್ ಬ್ರೌನ್ ಕಾಲರಾಕ್ಕೆಂದು ತಯಾರಿಸಿದ್ದು. ಅದರಲ್ಲಿ ಅಫೀಮು, ಗಾಂಜಾ, ಕ್ಲೋರೋಫಾರ್ಮ್ ಮೂರೂ ಇದ್ದವು! ‘ಮಕ್ಕಳು’ ಎಂಬ ಸರಳ ಪದ ಕಣ್ಣೆದುರಿಗೇ ಇರುವಾಗ, ಮೂರು ಚೂರು ಅಕ್ಷರಗಳ ನಡುವೆ ಈ ಹಳೇ ಸೀಸೆಯ ಹೆಸರು ಕಾಣುವುದೆಂದರೆ! ಆಟದ ಲೋಕದಲ್ಲಿ ಇದಕ್ಕಿಂತ ಚೆಂದದ ನಡೆಯನ್ನು ನಾನು ಕೇಳಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಏಳು ಬೇರೆ ಬೇರೆ ಅಕ್ಷರಗಳನ್ನು ಎಷ್ಟು ಬಗೆಯಲ್ಲಿ ಸಾಲಾಗಿ ಇಡಬಹುದು? ನೂರು? ಐನೂರು? 5,040! ಇನ್ನು ಆಟದ ಎಲ್ಲ ಬಿಲ್ಲೆಗಳೂ ಇರುವ ಚೀಲದಿಂದ ಎಷ್ಟು ಬೇರೆ ಬೇರೆ ಏಳರ ಗುಂಪು ಬರಬಹುದು?

31,99,724!

ಇಷ್ಟೊಂದು ದಾರಿಗಳಲ್ಲಿ ಕಳೆದುಹೋಗದಿರಲು ಪಳಗಿದ ಹಲವರು ಮಾಡುವ ಮೊದಲ ಕೆಲಸ ಏನು ಗೊತ್ತೇ? ಅಕ್ಷರಗಳನ್ನು ಕಲಸುವುದಲ್ಲ, ಅಕಾರಾದಿಯಾಗಿ ಜೋಡಿಸುವುದು! ಎ, ಇ, ಐ, ಎನ್, ಆರ್, ಎಸ್, ಟಿ. ಹೀಗೆ ಇಟ್ಟರೆ ಅದು ಬರೀ ಅಕ್ಷರಗಳ ರಾಶಿಯಲ್ಲ, ಒಂದು ಬೀಗದ ಕೈ. ಅಭ್ಯಾಸದಲ್ಲಿ ಇದೇ ಕ್ರಮವನ್ನು ನೂರಾರು ಸಲ ಕಂಡಿರುತ್ತಾರೆ. ಕಂಡ ಕೂಡಲೇ ಪದಗಳು ದಡದಡನೆ ಉದುರುತ್ತವೆ. ಈ ಏಳರಿಂದ ಎಷ್ಟು ಪದ ಕಟ್ಟಬಹುದು, ಪ್ರತಿ ಪದಕ್ಕೂ ಏಳೂ ಅಕ್ಷರ ಬಳಸಿ? ಒಂದು? ಎರಡು? ಕಡಿಮೆಯೆಂದರೂ ಒಂಬತ್ತು! ರಿಟೇನ್ಸ್ ಇದೆ, ನಾಸ್ಟಿಯರ್ ಇದೆ, ರೆಟಿನಾಸ್ ಇದೆ, ಸ್ಟೇನರ್ ಇದೆ. ಗ್ರೀಸಿನ ದ್ರಾಕ್ಷಾರಸ ರೆಟ್ಸಿನಾ ಇದೆ. ಮೇಣದಬತ್ತಿಗೆ ಬಳಸುವ ಸ್ಟಿಯರಿನ್ ಕೂಡ ಇದೆ.

ಇನ್ನೂ ರುಚಿಯಾದ ಗುಟ್ಟು ಬೇಕೇ? ಎಸ್, ಎ, ಟಿ, ಐ, ಎನ್, ಇ. ಈ ಆರನ್ನು ಕೈಯಲ್ಲಿ ಉಳಿಸಿಕೊಳ್ಳಿ. ಚೀಲದಿಂದ ಏಳನೆಯದನ್ನು ಎತ್ತಿ. ಬಿ ಬಂತೇ? ಪದವಿದೆ. ಕೆ? ಇದೆ. ಎಕ್ಸ್? ಇದೆ! ಝಡ್? ಅದೂ ಇದೆ! ಇಂಗ್ಲಿಷಿನ 26 ಅಕ್ಷರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಕ್ಷರಗಳ ಜೊತೆ ಈ ಆರು ಸೇರಿ ಏಳಕ್ಷರದ ಪದವಾಗುತ್ತವೆ.

ಆಟದ ತಿರುಳು ಇಲ್ಲೇ ಇದೆ, ಗಮನಿಸಿ. ಹೊಸಬರು ನೋಡುವುದು ಬೋರ್ಡಿಗೆ ಏನು ಹಾಕಿದೆವು ಎಂದು. ಪಳಗಿದವರು ನೋಡುವುದು ಕೈಯಲ್ಲಿ ಏನು ಉಳಿಯಿತು ಎಂದು! ಮೂವತ್ತು ಅಂಕದ ಪದ ಹಾಕಿ ಯು, ಯು, ವಿ ಇಟ್ಟುಕೊಂಡು ಕೂತವರಿಗಿಂತ, ಇಪ್ಪತ್ತೆರಡಕ್ಕೆ ತೃಪ್ತಿಪಟ್ಟು ಎಸ್ ಮತ್ತು ಖಾಲಿ ಬಿಲ್ಲೆ ಉಳಿಸಿಕೊಂಡವರು ಮುಂದಿನ ಸರದಿಯಲ್ಲಿ ಹಾರುತ್ತಾರೆ.

ಎಸ್ ಯಾಕಷ್ಟು ಬೆಲೆಯದು? ಚೀಲದಲ್ಲಿ ಇ ಹನ್ನೆರಡಿವೆ, ಎಸ್ ಬರೀ ನಾಲ್ಕು! ಈ ಆಟ ಹುಟ್ಟಿಸಿದ ಆಲ್ಫ್ರೆಡ್ ಬಟ್ಸ್ ಬೇಕೆಂದೇ ಹಾಗೆ ಮಾಡಿದರು. ಅಮೆರಿಕದ ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿ ಅವರು. ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟ ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಕೈಯಾರೆ ಎಣಿಸಿದರು! ಹೆಚ್ಚು ಸಿಗುವ ಅಕ್ಷರಕ್ಕೆ ಕಡಿಮೆ ಅಂಕ, ಅಪರೂಪದ ಕ್ಯೂ ಮತ್ತು ಝಡ್‌ಗೆ ಹತ್ತು ಹತ್ತು. ಎಸ್ ಮಾತ್ರ ಎಣಿಕೆಗಿಂತ ಕಡಿಮೆ. ಯಾವ ಪದದ ಬಾಲಕ್ಕೂ ಎಸ್ ಅಂಟಿಸಿ ಬಹುವಚನ ಮಾಡಿ ಗೆಲ್ಲುವುದು ಅಷ್ಟು ಸಲೀಸಾಗಬಾರದೆಂದು!

ಒಟ್ಟು ಬಿಲ್ಲೆ 100. ಇದು ನೆನಪಿರಲಿ, ಏಕೆಂದರೆ ಮುಂದಿನದು ಮೈ ನವಿರೇಳಿಸುವಂಥದ್ದು. ಬೋರ್ಡಿಗೆ ಬಿದ್ದ ಒಂದೊಂದು ಅಕ್ಷರವನ್ನೂ ಚೀಟಿಯಲ್ಲಿ ಹೊಡೆದುಹಾಕುತ್ತ ಹೋಗಿ. ಚೀಲ ಖಾಲಿಯಾದ ಕ್ಷಣ ಚೀಟಿಯಲ್ಲಿ ಉಳಿದದ್ದರಿಂದ ನಿಮ್ಮ ಕೈಯಲ್ಲಿರುವುದನ್ನು ಕಳೆಯಿರಿ. ಮಿಕ್ಕಿದ್ದೇ ಎದುರಾಳಿಯ ಬಿಲ್ಲೆಗಳು! ಆತ ಮುಚ್ಚಿಟ್ಟುಕೊಂಡ ಏಳೂ ನಿಮಗೆ ಗೊತ್ತು. ಅಲ್ಲಿಯವರೆಗೆ ಅದೃಷ್ಟವೂ ಇದ್ದ ಆಟ, ಅಲ್ಲಿಂದಾಚೆ ಚದುರಂಗ!

ಅರ್ಥ ಎಲ್ಲಿ ಬಂತು ಈ ಲೆಕ್ಕದಲ್ಲಿ? ಎಲ್ಲೂ ಇಲ್ಲ. ಈ ಪದ ಪಟ್ಟಿಯಲ್ಲಿ ಇದೆಯೇ, ಇಲ್ಲವೇ ಎನ್ನುವುದೊಂದೇ ಆಟ ಕೇಳುವ ಪ್ರಶ್ನೆ. ಅದಕ್ಕೇ ಒಂಬತ್ತು ವಾರ ಸಾಕಾಯಿತು! ಅರ್ಥ ಗೊತ್ತಿರುವ ಪದಗಳೂ ಬೇಕಾದಷ್ಟಿವೆ ಬಿಡಿ, ನಮ್ಮ ಇಡ್ಲಿ, ದೋಸೆ, ಲಕ್ಷ, ವೀಣೆ ಎಲ್ಲ ಇಂಗ್ಲಿಷ್ ಆಟದ ಪಟ್ಟಿಯಲ್ಲಿ ಹಾಯಾಗಿ ಕೂತಿವೆ. ಅಂದಹಾಗೆ, ರಿಚರ್ಡ್ಸ್ ಇಂಗ್ಲಿಷಿನಲ್ಲಿ ಐದು ಸಲ ವಿಶ್ವ ಚಾಂಪಿಯನ್. ಮೊದಲ ಪಟ್ಟ 2007ರಲ್ಲಿ. ಎಲ್ಲಿ ಗೊತ್ತೇ? ಮುಂಬೈಯಲ್ಲಿ! ಐದನೆಯದು 2019ರಲ್ಲಿ, ನಮ್ಮ ಪಕ್ಕದ ಗೋವಾದಲ್ಲಿ!

ಫ್ರೆಂಚ್ ಆಯಿತು, ಮುಗಿಯಿತು ಎಂದುಕೊಂಡಿರಾ? 2024, ಸ್ಪೇನ್‌ನ ಗ್ರನಾಡಾ. ಸ್ಪ್ಯಾನಿಷ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್‌ಷಿಪ್. ರಿಚರ್ಡ್ಸ್‌ಗೆ ಸ್ಪ್ಯಾನಿಷ್ ಮಾತಾಡಲು ಬರುವುದಿಲ್ಲ. ಆಡಿದ್ದು 24 ಆಟ. ಗೆದ್ದದ್ದೆಷ್ಟು?

23!

ಹಿಂದಿನ ಸಲದ ಚಾಂಪಿಯನ್, ಅರ್ಜೆಂಟೀನಾದವರು, ಎರಡನೆಯವರಾದರು. ಬಿಲ್ಲೆಗಳೂ ಬೇರೆಯೇ. ಸ್ಪ್ಯಾನಿಷ್ ಪೆಟ್ಟಿಗೆಯಲ್ಲಿ ಸಿ-ಎಚ್ ಸೇರಿ ಒಂದು ಬಿಲ್ಲೆ, ಎರಡು ಎಲ್ ಸೇರಿ ಒಂದು, ಎರಡು ಆರ್ ಸೇರಿ ಒಂದು!

ಹಾಗಾದರೆ ಕನ್ನಡಕ್ಕೊಂದು ಚೀಲ ಹೊಲಿಯೋಣವೇ? 34 ವ್ಯಂಜನ, ಒಂದೊಂದಕ್ಕೂ ಕಾಗುಣಿತದ 15 ರೂಪ. ಅಲ್ಲಿಗೇ 510 ಆಯಿತು, ಒತ್ತಕ್ಷರ ಇನ್ನೂ ಬಾಕಿ! ಪೂರ್ತಿ ಅಕ್ಷರಕ್ಕೊಂದು ಬಿಲ್ಲೆಯೇ? ಗುಣಿತದ ಚಿಹ್ನೆಗೆ ಬೇರೆ ಬಿಲ್ಲೆಯೇ? ಒತ್ತಿಗೆ ಇನ್ನೊಂದೇ? ‘ರಿ’ಗೆ ಎಷ್ಟು ಅಂಕ, ‘ಝೌ’ಗೆ ಎಷ್ಟು? ಇವತ್ತಿನ ಪತ್ರಿಕೆಯ ಮುಖಪುಟ ಮುಂದಿಟ್ಟುಕೊಳ್ಳಿ, ಪೆನ್ಸಿಲ್ ಹಿಡಿಯಿರಿ. ಅತಿ ಹೆಚ್ಚು ಸಲ ಬರುವ ಅಕ್ಷರ ಯಾವುದು? ಎಣಿಸುವ ಮೊದಲು ಊಹೆಯನ್ನು ಪುಟದ ಅಂಚಿನಲ್ಲಿ ಬರೆದಿಡಿ!