ನಾನೂರು ಶಾಖೆಗಳ ಗುರಿ: ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕಾದ ಬಗೆ

ಮುಂದಿನ ಕೆಲವು ವರ್ಷಗಳ ವ್ಯವಹಾರ ಧೋರಣೆಯನ್ನೂ ಲಾಭನಷ್ಟದ ಗುರಿಗಳನ್ನೂ ಬ್ಯಾಂಕೊಂದು ತಿದ್ದಿಕೊಳ್ಳುವುದು ಸಾಮಾನ್ಯವಾಗಿ ಅದರ ನಿರ್ದೇಶಕರ ಸಭೆಯೊಳಗೇ ನಡೆದು ಮುಗಿಯುವ ಸಂಗತಿ. 1955ರಲ್ಲಿ ಭಾರತದ ಅತಿ ದೊಡ್ಡ ವಾಣಿಜ್ಯ ಬ್ಯಾಂಕಿನ ಗುರಿಯನ್ನು ತಿದ್ದಿದುದಾದರೋ ಸಂಸತ್ತು. ಆ ಕಾರಣದಿಂದಲೇ ಈ ತಿದ್ದುಪಡಿಯ ಒಳಗನ್ನು ನಾವು ಶಾಸನದ ಪುಟಗಳಲ್ಲಿ ಓದಬಹುದಾಗಿದೆ.

ಬಂಗಾಳ, ಬೊಂಬಾಯಿ, ಮದರಾಸು ಪ್ರೆಸಿಡೆನ್ಸಿ ಬ್ಯಾಂಕುಗಳು 1921ರಲ್ಲಿ ಒಂದುಗೂಡಿ ಇಂಪೀರಿಯಲ್ ಬ್ಯಾಂಕಾದುವು. ಐದು ವರ್ಷಗಳಲ್ಲಿ ನೂರು ಹೊಸ ಶಾಖೆಗಳನ್ನು ತೆರೆಯಬೇಕೆಂಬ ಹೊಣೆ ಆಗಲೇ ಅದರ ಮೇಲೆ ಬಿದ್ದಿದ್ದಿತು. ಆದರೆ ಅದು ಖಾಸಗಿ ಷೇರುದಾರರ ಬ್ಯಾಂಕು. ಜಮೀನನ್ನು ಆಧಾರವಾಗಿಟ್ಟುಕೊಂಡು ಸಾಲ ಕೊಡಲು ಅದರ ಶಾಸನವೇ ಅಡ್ಡಿಯಾಗಿದ್ದಿತು. ಶಾಖೆಗಳು ಹೆಚ್ಚಿದರೂ ಅವು ಪಟ್ಟಣದ ವರ್ತಕನ ಅಂಗಡಿಯನ್ನು ದಾಟಿ ಹೊಲದವರೆಗೆ ಹೋಗದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಎ. ಡಿ. ಗೋರವಾಲಾ ಅವರ ಅಧ್ಯಕ್ಷತೆಯಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ವರದಿ 1954ರಲ್ಲಿ ಹೊರಬಂದಿತು. 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ವಿಚಾರಿಸಿದಾಗ, ರೈತರು ಪಡೆದ ಸಾಲದಲ್ಲಿ ವಾಣಿಜ್ಯ ಬ್ಯಾಂಕುಗಳ ಪಾಲು ಶೇಕಡಾ 0.9 ಮಾತ್ರವೆಂದು ಕಂಡುಬಂದಿತು. ಸಹಕಾರ ಸಂಘಗಳ ಪಾಲು ಶೇಕಡಾ 3.1. ಲೇವಾದೇವಿಗಾರರದು ಸುಮಾರು ಶೇಕಡಾ 70. ಇಂಪೀರಿಯಲ್ ಬ್ಯಾಂಕನ್ನು ಸರ್ಕಾರದ ಪಾಲುದಾರಿಕೆಯ ಬ್ಯಾಂಕಾಗಿ ಮಾರ್ಪಡಿಸಬೇಕೆಂದು ಸಮಿತಿ ಸೂಚಿಸಿತು.

1955ರ ಜುಲೈ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಅಸ್ತಿತ್ವಕ್ಕೆ ಬಂದಿತು. ಹಳೆಯ ಷೇರುದಾರರಿಗೆ ಪೂರ್ತಿ ಹಣ ಸಂದ ಷೇರೊಂದಕ್ಕೆ 1,765 ರೂಪಾಯಿ 10 ಆಣೆಯಂತೆ ಪರಿಹಾರ ನಿಗದಿಯಾಯಿತು. ಐದು ವರ್ಷಗಳೊಳಗಾಗಿ 400ಕ್ಕೆ ಕಡಮೆಯಿಲ್ಲದಷ್ಟು ಹೊಸ ಶಾಖೆಗಳನ್ನು ತೆರೆಯಬೇಕೆಂದು ಶಾಸನದ 16ನೆಯ ಪ್ರಕರಣ ವಿಧಿಸಿತು. ಇಂಪೀರಿಯಲ್ ಬ್ಯಾಂಕಿನಿಂದ ಬಂದ ಕಚೇರಿಗಳು ಒಟ್ಟು 480 ಎಂಬುದನ್ನು ನೆನೆದರೆ ಈ ಸಂಖ್ಯೆಯ ಭಾರ ತಿಳಿಯುತ್ತದೆ.

ವಿದ್ಯಾರ್ಥಿಗಳು ಈ 400ನ್ನು ಚೆನ್ನಾಗಿ ಬಲ್ಲರು. 36ನೆಯ ಪ್ರಕರಣವನ್ನು ತೆರೆದು ನೋಡುವವರು ವಿರಳ. ನಮ್ಮ ದೃಷ್ಟಿಯಲ್ಲಿ ಹೆಚ್ಚಿನ ಮಹತ್ತ್ವ ಇದಕ್ಕೇ ಸಲ್ಲತಕ್ಕದ್ದು. ಸಣ್ಣ ಊರಿನ ಶಾಖೆ ಮೊದಲ ಕೆಲವು ವರ್ಷ ನಷ್ಟದಲ್ಲಿಯೇ ನಡೆಯುವುದು. ಠೇವಣಿ ಅಲ್ಪ, ಸಂಬಳ, ಬಾಡಿಗೆ, ಕಾವಲುಗಳ ಖರ್ಚು ಮಾತ್ರ ತಪ್ಪದು. ಈ ನಷ್ಟವನ್ನು ಹೊರುವವರು ಯಾರು? ಬ್ಯಾಂಕಿನ ಷೇರುಗಳಲ್ಲಿ ಕನಿಷ್ಠ ಶೇಕಡಾ 55ರಷ್ಟು ರಿಸರ್ವ್ ಬ್ಯಾಂಕಿನ ಕೈಯಲ್ಲಿರಬೇಕೆಂದು ಶಾಸನ ಹೇಳಿದ್ದಿತು. ಆ 55ರ ಮೇಲೆ ಬರುವ ಲಾಭಾಂಶವು ರಿಸರ್ವ್ ಬ್ಯಾಂಕಿಗೆ ಹೋಗದೆ 'ಏಕೀಕರಣ ಮತ್ತು ಅಭಿವೃದ್ಧಿ ನಿಧಿ'ಗೆ ಸೇರತಕ್ಕದ್ದೆಂದೂ, ಹೊಸ ಶಾಖೆಗಳ ನಷ್ಟ ಗೊತ್ತುಪಡಿಸಿದ ವಾರ್ಷಿಕ ಮೊತ್ತವನ್ನು ಮೀರಿದರೆ ಮೀರಿದಷ್ಟನ್ನು ಈ ನಿಧಿಯಿಂದ ತುಂಬಿಕೊಳ್ಳಬಹುದೆಂದೂ ಏರ್ಪಾಡಾಯಿತು. ಎಂದರೆ ಪಟ್ಟಣದ ವ್ಯವಹಾರ ಗಳಿಸಿದ ಲಾಭದಲ್ಲಿ ಸರ್ಕಾರದ ಕಡೆಗೆ ಸಲ್ಲಬೇಕಾದ ಭಾಗವೇ ಸಣ್ಣ ಊರಿನ ಶಾಖೆಗೆ ಆಸರೆಯಾಯಿತು. ಉಳಿದ ಷೇರುದಾರರ ಲಾಭಾಂಶಕ್ಕೆ ಇದರಿಂದ ಧಕ್ಕೆ ಇಲ್ಲ. ನಷ್ಟದ ಬಾಬನ್ನು ಹೀಗೆ ಮೊದಲೇ ಬೇರೆಯಾಗಿ ತೆಗೆದಿಡದೆ ಇದ್ದಿದ್ದರೆ 400 ಎಂಬುದು ಕಾಗದದ ಮೇಲಣ ಸಂಖ್ಯೆಯಾಗಿಯೇ ಉಳಿಯುತ್ತಿತ್ತೆಂದು ನಾವು ಭಾವಿಸುತ್ತೇವೆ.

ಗುರಿ ಅವಧಿಯೊಳಗೇ ನೆರವೇರಿತು. ಈ ನಡುವೆ 1959ರ ಶಾಸನವೊಂದರ ಮೂಲಕ ಹಿಂದಿನ ಸಂಸ್ಥಾನಗಳ ಬ್ಯಾಂಕುಗಳು ಸ್ಟೇಟ್ ಬ್ಯಾಂಕಿನ ಅಧೀನಕ್ಕೆ ಬಂದುವು. 1913ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ನಮ್ಮ ಮೈಸೂರು ಬ್ಯಾಂಕೂ ಅವುಗಳಲ್ಲಿ ಒಂದು. 2017ರಲ್ಲಿ ಅದು ಸ್ಟೇಟ್ ಬ್ಯಾಂಕಿನಲ್ಲಿಯೇ ಲೀನವಾಯಿತು.

ಆದರೆ ಶಾಸನ ಎಣಿಸಿದ್ದು ಶಾಖೆಗಳನ್ನು, ಸಾಲವನ್ನಲ್ಲ. ಹೊಸ ಶಾಖೆಗಳಿಂದ ಹಣ ರವಾನೆ ಸುಗಮವಾಯಿತು, ಠೇವಣಿ ಕೂಡಿತು. ಅಲ್ಲಿ ಕೂಡಿದ ಹಣ ಅಲ್ಲಿಯ ಬೇಸಾಯಕ್ಕೇ ಸಲ್ಲಬೇಕೆಂಬ ಕಟ್ಟಳೆ ಎಲ್ಲಿಯೂ ಇರಲಿಲ್ಲ. 1967ರಲ್ಲಿಯೂ ದೇಶದ ವಾಣಿಜ್ಯ ಬ್ಯಾಂಕುಗಳು ಕೊಟ್ಟ ಒಟ್ಟು ಸಾಲದಲ್ಲಿ ವ್ಯವಸಾಯದ ಪಾಲು ಶೇಕಡಾ 2ರ ಆಸುಪಾಸಿನಲ್ಲಿಯೇ ಇದ್ದಿತು. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ವ್ಯವಸಾಯ, ಸಣ್ಣ ಕೈಗಾರಿಕೆ ಮೊದಲಾದ ಆದ್ಯತೆಯ ರಂಗಗಳಿಗೆ 1979ರ ಮಾರ್ಚಿನೊಳಗೆ ಸಾಲದ ಮೂರನೆಯ ಒಂದು ಪಾಲು ಸಲ್ಲಬೇಕೆಂದು ಸರ್ಕಾರಿ ರಂಗದ ಬ್ಯಾಂಕುಗಳಿಗೆ ಸೂಚನೆ ಹೋದುದು 1974ರಲ್ಲಿ.