ಕಾರಿನ ಬೆನ್ನಿಗೊಂದು ಪುಟ್ಟ ಮನೆ: ಅಕ್ಕಿ ಮೂಟೆ ಎಲ್ಲಿಡ್ತೀರಿ?

ಮಗಳೋ ಮಗನೋ ಅಮೆರಿಕದಲ್ಲಿದ್ದಾರಾ? ಬೇಸಿಗೆಗೆ ನೀವೂ ಅಲ್ಲಿಗೆ ಹೊರಟಿದ್ದೀರಾ? ಹಾಗಿದ್ದರೆ ಯಾವುದೋ ಒಂದು ಶುಕ್ರವಾರ ಸಂಜೆ ‘ಅಮ್ಮಾ, ಈ ಸಲ ಹೋಟೆಲ್ ಬೇಡ, ಟ್ರೈಲರ್ ಬಾಡಿಗೆಗೆ ತಗೊಂಡು ಕ್ಯಾಂಪಿಂಗ್ ಹೋಗೋಣ’ ಎಂಬ ಮಾತು ಕೇಳಲು ಸಿದ್ಧರಾಗಿರಿ. ನಮ್ಮಲ್ಲಿ ಟ್ರೈಲರ್ ಎಂದರೆ ಟ್ರ್ಯಾಕ್ಟರ್ ಹಿಂದೆ ಕಬ್ಬು ಹೊತ್ತು ಬರುವುದು. ಅಲ್ಲಿ ಅದು ಮನೆ ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಪುಟ್ಟ ಕೋಣೆ. ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ. ಹಿಂದಿನ ಬಾಗಿಲು ಮೇಲಕ್ಕೆತ್ತಿದರೆ ಅಡುಗೆಕಟ್ಟೆ! ಉಳಿದವರಿಗೆ ಪಕ್ಕದಲ್ಲೊಂದು ಟೆಂಟ್. ನೀರಿನ ಹನಿಯ ಆಕಾರ ಇರುವುದರಿಂದ ‘ಟಿಯರ್‌ಡ್ರಾಪ್’ ಎಂಬ ಹೆಸರು. 1930ರ ದಶಕದಿಂದಲೂ ಅಲ್ಲಿನವರಿಗೆ ಇದು ಮುದ್ದಿನ ಗಾಡಿ.

‘ಓಡಿಸೋದು ಅಳಿಯ, ನನಗೇನಂತೆ?’ ಅಂತೀರಾ? ಸ್ವಲ್ಪ ತಾಳಿ. ಅದರೊಳಗೆ ಸಾಮಾನು ತುಂಬುವವರು ಯಾರು? ನೀವೇ ತಾನೇ! ಹೆದ್ದಾರಿಯಲ್ಲಿ ಆ ಗಾಡಿ ನೆಟ್ಟಗೆ ಬರುತ್ತದೋ ಬಾಲ ಅಲ್ಲಾಡಿಸುತ್ತದೋ ಎನ್ನುವುದು ಬಹುಮಟ್ಟಿಗೆ ನೀವು ಭಾರದ ಸಾಮಾನು ಎಲ್ಲಿಟ್ಟಿರಿ ಎಂಬುದರ ಮೇಲೆ ನಿಂತಿದೆ.

ಎತ್ತಿನ ಗಾಡಿಯ ಲೆಕ್ಕ

ಅಜ್ಜಿ ಮನೆಯ ಎತ್ತಿನ ಗಾಡಿ ನೆನಪಿದೆಯಾ? ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆಗೆ ಹಗ್ಗ ಬಿಗಿಯುತ್ತಿತ್ತು. ಮುಂದೆ ಹೆಚ್ಚಾದರೆ ಎತ್ತುಗಳು ಕುಸಿಯುತ್ತಿದ್ದವು. ಎರಡು ಚಕ್ರದ ಈ ಟ್ರೈಲರ್‌ನದೂ ಅದೇ ಕಥೆ. ಅದರ ಮೂಕಿ ಕಾರಿನ ಕೊಂಡಿಯ ಮೇಲೆ ಕೂರುತ್ತದೆ. ಟ್ರೈಲರ್‌ನ ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಆ ಕೊಂಡಿಯ ಮೇಲೆ ಬೀಳಬೇಕು ಎಂಬುದು ಅಮೆರಿಕದಲ್ಲಿ ಎಲ್ಲರೂ ಪಾಲಿಸುವ ಲೆಕ್ಕ. 600 ಕಿಲೋ ಗಾಡಿಯಾದರೆ ಕನಿಷ್ಠ 60 ಕಿಲೋ.

ಇದಕ್ಕಿಂತ ಕಡಿಮೆಯಾದರೆ ಏನಾಗುತ್ತದೆ ಗೊತ್ತಾ? ಪಕ್ಕದಲ್ಲಿ ದೊಡ್ಡ ಲಾರಿಯೊಂದು ಭರ್ರನೆ ಹೋದರೆ ಸಾಕು, ಅಥವಾ ಇಳಿಜಾರು ಸಿಕ್ಕರೆ ಸಾಕು, ಟ್ರೈಲರ್ ಎಡಕ್ಕೂ ಬಲಕ್ಕೂ ಓಲಾಡಲು ಶುರು ಮಾಡುತ್ತದೆ. ಓಲಾಟ ಜಾಸ್ತಿಯಾದರೆ ಕಾರನ್ನೂ ಎಳೆದುಕೊಂಡು ಮಗುಚುತ್ತದೆ.

ಈಗ ಅಡುಗೆಕಟ್ಟೆ ಎಲ್ಲಿದೆ ನೋಡಿ. ಗಾಡಿಯ ಕಟ್ಟಕಡೆಗೆ! ನಾವೋ, ಅಡುಗೆಯ ಸಾಮಾನೆಲ್ಲ ಅಡುಗೆಕಟ್ಟೆಯಲ್ಲೇ ಇರಬೇಕು ಎನ್ನುವವರು. ಇಂಡಿಯನ್ ಸ್ಟೋರ್‌ನ 20 ಪೌಂಡ್ ಅಕ್ಕಿ ಮೂಟೆ (ಅಂದರೆ 9 ಕಿಲೋ), ಕುಕ್ಕರ್, ಇಡ್ಲಿ ಪಾತ್ರೆ, ಐಸ್ ತುಂಬಿದ ಪೆಟ್ಟಿಗೆ, ನೀರಿನ ಕ್ಯಾನ್... ಎಲ್ಲ ಸೇರಿ ಸುಲಭವಾಗಿ 40 ಕಿಲೋ ದಾಟುತ್ತದೆ. ಚಕ್ರದಿಂದ 4 ಅಡಿ ಹಿಂದೆ 40 ಕಿಲೋ ಇಟ್ಟರೆ, 8 ಅಡಿ ಮುಂದಿರುವ ಕೊಂಡಿಯ ಮೇಲಿನ ಭಾರ 20 ಕಿಲೋ ಇಳಿಯುತ್ತದೆ. 60 ಕಿಲೋ ಇದ್ದದ್ದು 40ಕ್ಕೆ ಬಂತು, ನೋಡಿ!

ಹಾಗಾಗಿ ಪ್ರಯಾಣದ ಹೊತ್ತಿಗೆ ಅಡುಗೆಕಟ್ಟೆಯಲ್ಲಿ ತಟ್ಟೆ, ಲೋಟ, ಬ್ರೆಡ್ಡು, ಹಪ್ಪಳದಂಥ ಹಗುರದ್ದು ಮಾತ್ರ ಇರಲಿ. ಭಾರದ್ದೆಲ್ಲ ಒಳಗಿನ ಕೋಣೆಯ ನೆಲದ ಮೇಲೆ, ಚಕ್ರಕ್ಕಿಂತ ತುಸು ಮುಂದೆ, ಜಾರದ ಹಾಗೆ ಕಟ್ಟಿ. ಊರು ತಲುಪಿದ ಮೇಲೆ ಹಿಂದಕ್ಕೆ ಸಾಗಿಸಿಕೊಂಡರಾಯ್ತು. ನೀರಿನ ಟ್ಯಾಂಕ್ ಮನೆಯಿಂದಲೇ ತುಂಬಿಸಿಕೊಂಡು ಹೋಗೋ ಆಸೆ ಬೇಡ. 75 ಲೀಟರ್ ಎಂದರೆ 75 ಕಿಲೋ! ಕ್ಯಾಂಪಿಂಗ್ ಜಾಗದಲ್ಲಿ ನಲ್ಲಿ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ತೂಕ ನೋಡೋದು ಹೇಗೆ ಅಂದಿರಾ? ಮನೆಯಲ್ಲಿ ನಾವು ಹತ್ತಿ ನಿಂತು ಬೇಜಾರು ಮಾಡಿಕೊಳ್ಳುವ ಆ ತೂಕದ ಯಂತ್ರವೇ ಸಾಕು. ಗಾಡಿಗೆ ಸಾಮಾನು ತುಂಬಿದ ಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಯಂತ್ರದ ಮೇಲೊಂದು ಮರದ ತುಂಡು ನಿಲ್ಲಿಸಿ ಮೂಕಿಯನ್ನು ಅದರ ಮೇಲೆ ಕೂರಿಸಿ. ಗಾಡಿ ನೆಲಕ್ಕೆ ಸಮನಾಗಿರಬೇಕು. ಬಂದ ತೂಕದಲ್ಲಿ ಮರದ ತುಂಡಿನದನ್ನು ಕಳೆಯಿರಿ. ಇನ್ನು ಸೂಟ್‌ಕೇಸು 23 ಕಿಲೋ ದಾಟಬಾರದು ಅಂತ ವಿಮಾನ ಹತ್ತುವ ಮುಂಚೆ ನೇತುಹಾಕಿ ತೂಗಿದ ಪುಟ್ಟ ತಕ್ಕಡಿ ಇದೆಯಲ್ಲ, ಅದರಲ್ಲಿ ಡಬ್ಬಗಳನ್ನು ತೂಗಿ.

ಕಾರಿಗೂ ಒಂದು ಮಿತಿ ಇದೆ

‘ನಮ್ಮ ಕಾರಿನ ಎಂಜಿನ್ ಪವರ್‌ಫುಲ್, ಏನೂ ಆಗಲ್ಲ ಅತ್ತೆ’ ಎಂದು ಅಳಿಯಂದಿರು ಹೇಳಬಹುದು. ಎಳೆಯುವುದು ಸುಲಭ ರೀ, ನಿಲ್ಲಿಸುವುದು ಕಷ್ಟ. ಪ್ರತಿ ಕಾರಿಗೂ ಎಷ್ಟು ಎಳೆಯಬಹುದು ಎಂದು ಕಂಪನಿಯವರೇ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತಾರೆ. ಅಲ್ಲಿ ತುಂಬಾ ಜನ ಇಟ್ಟುಕೊಳ್ಳುವ ಹೋಂಡಾ ಸಿಆರ್‌ವಿಗೆ ಅಮೆರಿಕದಲ್ಲಿ ಹೆಚ್ಚೆಂದರೆ 1,500 ಪೌಂಡ್, ಅಂದರೆ 680 ಕಿಲೋ. ಟೊಯೊಟಾ ಸಿಯೆನ್ನಾಗೆ 3,500 ಪೌಂಡ್. ಇದು ಖಾಲಿ ಗಾಡಿಯ ತೂಕವಲ್ಲ, ನಿಮ್ಮ ಅಕ್ಕಿಬೇಳೆ ಸೇರಿದ ತೂಕ.

ಇನ್ನೊಂದು ಮಿತಿಯನ್ನು ಬಹಳ ಜನ ಮರೆಯುತ್ತಾರೆ. ಡ್ರೈವರ್ ಬಾಗಿಲು ತೆರೆದರೆ ಅಲ್ಲೊಂದು ಸ್ಟಿಕರ್ ಇರುತ್ತದೆ. ಜನ, ಸಾಮಾನು ಸೇರಿ ಕಾರು ಹೊರಬಹುದಾದ ತೂಕ ಅದರಲ್ಲಿದೆ. 385 ಕಿಲೋ ಅಂತಿದೆ ಎಂದಿಟ್ಟುಕೊಳ್ಳಿ. ನೀವು, ಯಜಮಾನರು, ಮಗಳು, ಅಳಿಯ ತಲಾ 75 ಎಂದರೆ 300. ಮೊಮ್ಮಗು 20. ಕೊಂಡಿಯ ಮೇಲಿನ ಭಾರವೂ ಕಾರಿನ ಲೆಕ್ಕಕ್ಕೇ ಸೇರುತ್ತದೆ, ಅದು 60. ಒಟ್ಟು 380! ಡಿಕ್ಕಿಯಲ್ಲಿ ಒಂದು ಸೂಟ್‌ಕೇಸಿಗೂ ಜಾಗವಿಲ್ಲ. ಹಾಗಂತ ‘ನಾನು ಹಿಂದೆ ಟ್ರೈಲರ್‌ನಲ್ಲೇ ಮಲಗಿಕೊಂಡು ಬರ್ತೀನಿ’ ಅನ್ನಬೇಡಿ. ಅಲ್ಲಿ ಸೀಟ್‌ಬೆಲ್ಟ್ ಇಲ್ಲ, ಎಷ್ಟೋ ರಾಜ್ಯಗಳಲ್ಲಿ ಅದು ಕಾನೂನಿಗೂ ವಿರುದ್ಧ.

ಹೊರಡುವ ಮುಂಚೆ ಕಾರು, ಟ್ರೈಲರ್ ನಡುವಿನ ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಅಡ್ಡಡ್ಡ ಹಾಕಿದ್ದಾರಾ ನೋಡಿ. ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ಬೀಳದೆ ತೊಟ್ಟಿಲಿನಂತೆ ಆ ಸರಪಳಿಗಳ ಮೇಲೆ ಕೂರುತ್ತದೆ. ಟ್ರೈಲರ್‌ನ ಇಂಡಿಕೇಟರ್, ಬ್ರೇಕ್‌ಲೈಟ್ ಹತ್ತುತ್ತವಾ ಅಂತ ಹಿಂದೆ ನಿಂತು ಹೇಳಿ. ಗ್ಯಾಸ್ ಸಿಲಿಂಡರ್ ಬಂದ್ ಆಗಿರಲಿ.

ದಾರಿಯಲ್ಲಿ ನಿಧಾನವೇ ಸರಿ. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೈಲರ್ ಎಳೆಯುವ ಕಾರು ಗಂಟೆಗೆ 55 ಮೈಲಿ ದಾಟುವಂತಿಲ್ಲ. ಅಷ್ಟಾಗಿಯೂ ಹಿಂದೆ ಓಲಾಟ ಶುರುವಾದರೆ ಗಾಬರಿಯಿಂದ ಬ್ರೇಕ್ ಒತ್ತಬಾರದು, ಸ್ಟೀರಿಂಗ್ ಎಳೆದಾಡಬಾರದು. ಆಕ್ಸಲರೇಟರ್ ಮೇಲಿನ ಕಾಲು ಮೆಲ್ಲಗೆ ತೆಗೆದು, ಸ್ಟೀರಿಂಗ್ ನೆಟ್ಟಗೆ ಹಿಡಿದರೆ ವೇಗ ಇಳಿದಂತೆ ಓಲಾಟವೂ ಇಳಿಯುತ್ತದೆ. ನಿಂತ ಮೇಲೆ ಸಾಮಾನು ಮುಂದಕ್ಕೆ ಸರಿಸಿಯೇ ಮತ್ತೆ ಹೊರಡಿ. ಪಕ್ಕದ ಸೀಟಿನಲ್ಲಿ ಕೂತ ನೀವು ‘ಅಯ್ಯೋ, ಬ್ರೇಕ್ ಹಾಕಪ್ಪಾ’ ಅಂತ ಕಿರುಚದಿರುವುದೂ ದೊಡ್ಡ ಉಪಕಾರವೇ!

ರಾತ್ರಿ ಚಳಿ ಅಂತ ಒಲೆಯನ್ನು ಮಲಗುವ ಕೋಣೆಯೊಳಗೆ ತರಲೇಬೇಡಿ. ಅಷ್ಟು ಚಿಕ್ಕ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡರೆ ವಾಸನೆಯೂ ಬರುವುದಿಲ್ಲ, ಎಚ್ಚರವೂ ಆಗುವುದಿಲ್ಲ. ಇನ್ನೊಂದು ಕಂಬಳಿ ಹೊದ್ದುಕೊಳ್ಳಿ.

ಗಂಡ-ಹೆಂಡಿರ ಜಗಳವಾಗುವುದು ಮಾತ್ರ ರಿವರ್ಸ್ ತೆಗೆಯುವಾಗ! ಸ್ಟೀರಿಂಗ್‌ನ ಕೆಳಭಾಗ ಹಿಡಿದುಕೊಂಡರೆ, ಕೈ ಯಾವ ಕಡೆಗೆ ಹೋಗುತ್ತದೋ ಟ್ರೈಲರ್‌ನ ಹಿಂಭಾಗವೂ ಅದೇ ಕಡೆಗೆ ಹೋಗುತ್ತದೆ ಅಂತ ಮಗಳಿಗೆ ಹೇಳಿಕೊಡಿ. ನೀವು ಹಿಂದೆ ನಿಂತು ದಾರಿ ತೋರಿಸುವುದಾದರೆ ಮೊಮ್ಮಗುವಿನ ಕೈ ಬಿಡಬೇಡಿ. ಕನ್ನಡಿಯಲ್ಲಿ ನೀವು ಕಾಣದ ಕ್ಷಣವೇ ಗಾಡಿ ನಿಲ್ಲಿಸಬೇಕು ಅಂತ ಮೊದಲೇ ಮಾತಾಡಿಕೊಂಡಿರಿ.